ಹಾಲು ಬಿಸಿಯಾಗುವ ಮೊದಲೇ ಪಾಸಾದ ಪರೀಕ್ಷೆ

ಹಾಲಿನ ಪಾತ್ರೆ ಒಲೆಯ ಮೇಲಿದೆ. ಉರಿ ಸಣ್ಣಗಿದೆ. ಬೆಳಗಿನ ಐದೂಕಾಲು. ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಗೆ ಒರಗಿಸಿಟ್ಟ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಟೈಪ್ ಮಾಡಿ ಆಕೆ ಸೌಟಿಗೆ ಕೈ ಚಾಚುತ್ತಾರೆ. ಈ ಉರಿಯಲ್ಲಿ ಅರ್ಧ ಲೀಟರು ಹಾಲು ಉಕ್ಕಲು ಏಳು ನಿಮಿಷ ಬೇಕು. ಪರದೆಯ ಮೇಲೆ ಈಗ ಶುರುವಾದ ಕೆಲಸಕ್ಕೂ ಏಳೇ ನಿಮಿಷ. ಎರಡೂ ಒಟ್ಟಿಗೆ ಮುಗಿಯುತ್ತವೆಂಬ ಲೆಕ್ಕದಲ್ಲೇ ಆಕೆ ನಿಂತಿದ್ದಾರೆ.

ಸೌಟು ಕೈಗೆ ಸಿಗುವ ಮೊದಲೇ ಪರದೆಯ ಮೇಲೆ ಹಸಿರು ಅಕ್ಷರ: ಎಲ್ಲವೂ ಪಾಸ್.

ಆಕೆ ಹಾಲಿಗೆ ಬೆರಳಿಟ್ಟು ನೋಡುತ್ತಾರೆ. ತಣ್ಣಗಿದೆ. ಒಲೆ ಆರಿಸುತ್ತಾರೆ.

"ಏನೇ, ಗ್ಯಾಸ್ ಮುಗೀತಾ?" ಒಳಗಿನ ಕೋಣೆಯಿಂದ ಅತ್ತೆ ಕೇಳುತ್ತಾರೆ.

"ಗ್ಯಾಸ್ ಇದೆ ಅತ್ತೆ. ನನ್ನ ಕೈಕಾಲೇ ಓಡ್ತಿಲ್ಲ."

ಇದು ಎರಡು ತಿಂಗಳ ಹಿಂದಿನ ಒಂದು ಗುರುವಾರದ ಮಾತು. ಈಕೆ ನಮ್ಮ ಕಟ್ಟಡದ ನೆಲಮಹಡಿಯವರು, ನಾವು ಮೂರನೆಯದರಲ್ಲಿ. ನಾಲ್ಕು ವರ್ಷ ಒಂದೇ ನಲ್ಲಿಯ ನೀರಿಗಾಗಿ ಕೊಡ ಹಿಡಿದು ನಿಂತಿದ್ದೇವೆ, ಬಟ್ಟೆ ಒಣಗಿಸುವ ಹಗ್ಗ ಹಂಚಿಕೊಂಡಿದ್ದೇವೆ. ಪತ್ರಿಕೆಯ ಲೇಖನಕ್ಕೆಂದು ಮಾತಾಡಿಸುವ ತನಕ ಅವರ ಕೆಲಸವೇನೆಂದು ನಾನು ಕೇಳಿರಲಿಲ್ಲ. 'ಯಾವುದೋ ಕಂಪ್ಯೂಟರ್ ಕೆಲಸ' ಎಂದುಕೊಂಡಿದ್ದೆ. ಆಫೀಸಿನಲ್ಲಿ ಅವರನ್ನು ಎಲ್ಲರೂ ಕರೆಯುವುದು ಸ್ಕ್ರಿಪ್ಟಕ್ಕ ಎಂದು. ಮೊದಲು ಹುಡುಗರು ಗೇಲಿಗೆ ಇಟ್ಟ ಹೆಸರು. ಈಗ ಅವರ ಕುರ್ಚಿಯ ಹಿಂದೆ ಅದೇ ಹೆಸರಿನ ಚೀಟಿ ಅಂಟಿಸಿದೆ.

"ಸ್ಕ್ರಿಪ್ಟ್ ಅಂದ್ರೆ ದೊಡ್ಡದೇನಲ್ಲ ಕಣ್ರೀ," ಎನ್ನುತ್ತಾರೆ, ಸೊಪ್ಪು ಬಿಡಿಸುತ್ತ. "ಊರಿಗೆ ಹೋಗೋವಾಗ ಮನೆ ನೋಡ್ಕೊಳ್ಳೋರಿಗೆ ಚೀಟಿ ಬರ್ದಿಟ್ಟು ಹೋಗ್ತೀವಲ್ಲ, ಮೊದ್ಲು ಕಿಟಕಿ ತೆಗಿ, ಆಮೇಲೆ ಗಿಡಕ್ಕೆ ನೀರು ಹಾಕು, ನೀರು ಬರ್ದೇ ಇದ್ರೆ ನಂಗೆ ಫೋನ್ ಮಾಡು ಅಂತ. ಅಂಥಾ ಚೀಟಿ. ಓದೋದು ಮನುಷ್ಯರಲ್ಲ, ಮಷೀನು. ಅಷ್ಟೇ ವ್ಯತ್ಯಾಸ."

ಕಷ್ಟ ಇರುವುದು ಒಂದೇ ಚೀಟಿಯನ್ನು ಏಳು ಬಗೆಯ ಯಂತ್ರಗಳು ಓದಬೇಕು ಎಂಬಲ್ಲಿ. ಕೆಲವು ಹೋದ ವರ್ಷ ಬಂದವು, ಒಂದು ಹದಿಮೂರು ವರ್ಷದ ಮುದುಕಿ. "ಏಳು ಜನ ಸೊಸೆಯಂದಿರಿದ್ದ ಹಾಗೆ. ಹೊಸಬಳಿಗೆ ಕಣ್ಸನ್ನೆ ಸಾಕು. ಹಳಬಳಿಗೆ ಬಿಡಿಸಿ ಬಿಡಿಸಿ ಹೇಳ್ಬೇಕು. ಅರ್ಥ ಆಗ್ಲಿಲ್ಲ ಅಂತ ಅವಳು ಬಾಯಿಬಿಟ್ಟೂ ಹೇಳಲ್ಲ, ತೋಚಿದ್ದು ಮಾಡ್ತಾಳೆ."

"ಅದ್ಯಾಕೆ ಆ ಮಾತು ಹೇಳೋವಾಗ ನನ್ನ ಕಡೆ ನೋಡ್ತೀಯ?" ಎಂದು ಅತ್ತೆ ಕುರ್ಚಿಯಿಂದಲೇ ಕೇಳುತ್ತಾರೆ.

"ನೀವು ತೋಚಿದ್ದೂ ಮಾಡ್ತೀರ, ಬಾಯಿಬಿಟ್ಟೂ ಹೇಳ್ತೀರ ಅತ್ತೆ. ನಿಮ್ಮ ಲೆಕ್ಕ ಬೇರೆ."

ಸ್ಕ್ರಿಪ್ಟಕ್ಕ ಎಂಜಿನಿಯರಿಂಗ್ ಓದಿದವರಲ್ಲ. ಹದಿನೆಂಟು ವರ್ಷದ ಹಿಂದೆ ಇದೇ ಆಫೀಸಿಗೆ ಟೈಪಿಂಗ್‌ಗೆ ಸೇರಿದವರು. ಪರೀಕ್ಷೆಗಳನ್ನು ಕೈಯಿಂದ ಓಡಿಸುತ್ತಿದ್ದವರು ಕೆಲಸ ಬಿಟ್ಟು ಹೋದಾಗ, 'ಎರಡು ದಿನ ನೋಡ್ಕೋಮ್ಮ' ಎಂದು ಇವರಿಗೆ ಒಪ್ಪಿಸಿದರು. ಆ ಎರಡು ದಿನ ಇನ್ನೂ ಮುಗಿದಿಲ್ಲ. ಯಾರೋ ಮುದ್ರಿಸಿ ಬಿಸಾಡಿದ ಕೈಪಿಡಿಯನ್ನು ಮನೆಗೆ ತಂದು, ಹಾಳೆಗಳ ಅಂಚಿನಲ್ಲಿ ಕನ್ನಡದಲ್ಲಿ ಅರ್ಥ ಬರೆದುಕೊಂಡು ಕಲಿತರು. ಕೈಪಿಡಿ ಈಗಲೂ ಇದೆ, ಬೆನ್ನು ಕಿತ್ತುಹೋಗಿ, ಎಣ್ಣೆ ಕಲೆ ಹತ್ತಿ. ಬಲಗೈ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಹಿಟ್ಟು ನಾದಿದ ನೋವೋ ಟೈಪ್ ಮಾಡಿದ ನೋವೋ ವೈದ್ಯರಿಗೂ ಗೊತ್ತಾಗಿಲ್ಲವಂತೆ. ಕೆಲಸ ಇಂದಿಗೂ ಗುತ್ತಿಗೆಯದೇ, ವರ್ಷಕ್ಕೊಮ್ಮೆ ಸಹಿ ಬೀಳಬೇಕು.

ಎದ್ದೇಳುವುದು ನಾಲ್ಕೂಮುಕ್ಕಾಲಿಗೆ. ರಾತ್ರಿಯಿಡೀ ಯಂತ್ರಗಳು ತಾವಾಗಿಯೇ ಓಡಿಸಿದ ಇನ್ನೂರ ಹನ್ನೆರಡು ಪರೀಕ್ಷೆಗಳ ಫಲಿತಾಂಶ ಐದಕ್ಕೆ ಬರುತ್ತದೆ. ಯಾವುದಾದರೂ ಕೆಂಪಾಗಿದ್ದರೆ ಎಂಟು ಗಂಟೆಯೊಳಗೆ ಕಾರಣ ಹುಡುಕಿಡಬೇಕು. ಎಂಟರ ಮೇಲೆ ಹುಡುಗರು ಬಂದು ಯಂತ್ರಗಳನ್ನು ಹಿಡಿದುಕೊಳ್ಳುತ್ತಾರೆ. ಎಲ್ಲ ಹಸಿರಾಗಿದ್ದರೆ ಆ ದಿನ ಅವರ ನೆನಪು ಯಾರಿಗೂ ಬರುವುದಿಲ್ಲ.

ಇಷ್ಟು ಬರೆದುಕೊಂಡು, ಇದೇ ಸಾಕು, ಒಳ್ಳೆಯ ಲೇಖನವಾಗುತ್ತದೆ ಎಂದುಕೊಂಡು ಎದ್ದವಳು ಚಪ್ಪಲಿ ಮೆಟ್ಟುವಾಗ ಸುಮ್ಮನೆ ಕೇಳಿದೆ, "ಅಂದ ಹಾಗೆ, ಪರೀಕ್ಷೆ ಯಾವುದಕ್ಕೆ?"

ಅವರು ನನ್ನ ಜೊತೆ ಬಂದಿದ್ದ ಮಗಳ ಸೊಂಟದ ಕಡೆ ನೋಡಿದರು.

ಮಗಳಿಗೆ ಒಂಬತ್ತು ವರ್ಷ. ಐದನೆಯ ವಯಸ್ಸಿಗೇ ಸಕ್ಕರೆ ಕಾಯಿಲೆ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಪಂಪೊಂದು ಅವಳ ಸೊಂಟದಲ್ಲಿ ಹಗಲೂ ರಾತ್ರಿ ಇರುತ್ತದೆ, ತೆಳ್ಳನೆಯ ನಳಿಕೆಯಿಂದ ಹನಿಹನಿಯಾಗಿ ಇನ್ಸುಲಿನ್ ಇಳಿಸುತ್ತದೆ. ನಳಿಕೆ ಕಟ್ಟಿಕೊಂಡರೆ ಅದು ಕೂಗಬೇಕು. ಆ ಕೂಗನ್ನು ನಂಬಿಯೇ ನಾವು ಮಲಗುವುದು.

"ಇದೇ ಪಂಪು," ಎಂದರು ಸ್ಕ್ರಿಪ್ಟಕ್ಕ. "ಹಳೇ ಮಾಡೆಲ್ಲು. ಆ ಮುದುಕಿ ಮಷೀನಿದೆ ಅಂದೆನಲ್ಲ, ಅದು ಇದರ ಪರೀಕ್ಷೆಗೇ ಇರೋದು. ಕೂತ್ಕೊಳ್ಳಿ, ಒಂದು ವಿಷಯ ಹೇಳ್ಬೇಕು. ಹೇಳ್ದೇ ಇದ್ರೆ ನೀವು ನನ್ನ ಬಗ್ಗೆ ಒಳ್ಳೇದು ಬರ್ದಿದ್ದು ಸುಳ್ಳಾಗುತ್ತೆ."

ನಾನು ಕುಳಿತೆ. ಚಪ್ಪಲಿ ಕಾಲಲ್ಲೇ ಇತ್ತು.

ಆ ಗುರುವಾರದ ಹಿಂದಿನ ರಾತ್ರಿ ಆಫೀಸಿನಲ್ಲಿ ಕರೆಂಟು ಹೋಗಿ ಹಳೆಯ ಯಂತ್ರ ನಿಂತಿತ್ತು, ಬೆಳಗಿನ ಜಾವವಷ್ಟೇ ಮತ್ತೆ ಶುರುವಾಗಿತ್ತು. ಹಾಗಾಗಿ ಅದರ ಪರೀಕ್ಷೆಗಳನ್ನು ಬಹಳ ದಿನಗಳ ಮೇಲೆ ಅವರು ಕೈಯಾರೆ ಓಡಿಸಿದರು. ಏಳು ನಿಮಿಷದ ಪರೀಕ್ಷೆ ಎರಡು ಸೆಕೆಂಡಿನಲ್ಲಿ ಪಾಸಾಯಿತು. ಒಲೆ ಆರಿಸಿ, ಒಳಗಿನ ದಾಖಲೆ ತೆರೆದು ನೋಡಿದರೆ ಇದ್ದದ್ದು ಒಂದೇ ಸಾಲು: ಪರೀಕ್ಷೆಯ ಕಡತ ಸಿಗಲಿಲ್ಲ. ಯಾರೋ ಒಂದು ಫೋಲ್ಡರಿನ ಹೆಸರು ಬದಲಿಸಿದ್ದರು, ಆ ಯಂತ್ರಕ್ಕೆ ಮಾತ್ರ ಅದು ತಲುಪಿರಲಿಲ್ಲ. ಪರೀಕ್ಷೆ ಶುರುವೇ ಆಗಿರಲಿಲ್ಲ. ಆದರೂ ಪಾಸ್!

"ಹೆಂಗೆ ಗೊತ್ತಾ? ಪರೀಕ್ಷೆ ನಡೆಸೋಕೆ ಒಬ್ಬ, ಅವನು ಹೇಳಿದ್ದನ್ನ ಪುಸ್ತಕಕ್ಕೆ ಬರ್ಕೊಳ್ಳೋಕೆ ಒಬ್ಬ ಗುಮಾಸ್ತ. ಕೊನೇಲಿ ನನ್ನ ಚೀಟಿ 'ಸರಿಹೋಯ್ತಾ' ಅಂತ ಕೇಳಿದ್ದು ಗುಮಾಸ್ತನ್ನ. ಅವನು, ಬರ್ಕೊಂಡೆ, ಸರಿಹೋಯ್ತು ಅಂದ. ಪರೀಕ್ಷೆ ನಡೆಸೋನು ಬಂದೇ ಇಲ್ಲ ಅಂತ ಬರ್ಕೊಂಡಿದ್ದ ಅಷ್ಟೇ! ಹೊಸ ಮಷೀನುಗಳಿಗೆ, ಇಬ್ಬರಲ್ಲಿ ಯಾರು ಎಡವಿದ್ರೂ ಹೇಳು ಅಂತ ಒಂದು ಆರ್ಡರ್ ಕೊಡ್ಬಹುದು. ಹಳೇದಕ್ಕೆ ಆ ಆರ್ಡರ್ ಗೊತ್ತಿಲ್ಲ. ಗೊತ್ತಿಲ್ದಿದ್ರೆ ಸುಮ್ನೆ ಮುಂದೆ ಹೋಗು ಅಂತ ಬರ್ದಿದ್ದು ನಾನೇ. ಆರು ವರ್ಷದ ಹಿಂದೆ. ಎಲ್ಲಾ ಮಷೀನಲ್ಲೂ ಓಡ್ಬೇಕಲ್ಲ, ಎಲ್ಲೂ ನಿಲ್ಬಾರ್ದಲ್ಲ ಅಂತ."

ಹಳೆಯ ದಾಖಲೆಗಳನ್ನು ಹಿಂದಕ್ಕೆ ಹಿಂದಕ್ಕೆ ತಿರುವಿದರು. ಅದೇ ಒಂದು ಸಾಲು. ನಿನ್ನೆಯೂ, ಹೋದ ತಿಂಗಳೂ, ಅದರ ಹಿಂದಿನ ತಿಂಗಳೂ. ಫೋಲ್ಡರಿನ ಹೆಸರು ಸರಿಪಡಿಸಿ ಪರೀಕ್ಷೆಯನ್ನು ನಿಜವಾಗಿ ಓಡಿಸಿದರು. ಮೂವತ್ತೊಂದನೆಯದು ಕೆಂಪಾಯಿತು. ಬ್ಯಾಟರಿ ಇಳಿದಿರುವಾಗ ನಳಿಕೆ ಕಟ್ಟಿಕೊಂಡರೆ ಪಂಪಿನ ಪರದೆಯ ಮೇಲೆ ಸಣ್ಣ ಚಿತ್ರ ಮೂಡುತ್ತದೆ, ಅಷ್ಟೇ. ಕೂಗುವುದಿಲ್ಲ. ಹೊಸ ಆವೃತ್ತಿಯ ತಂತ್ರಾಂಶದಲ್ಲಿ ನುಸುಳಿದ ದೋಷ ಅದು. ಆ ಆವೃತ್ತಿ ಸೋಮವಾರ ನಾಲ್ಕು ಸಾವಿರ ಚಿಲ್ಲರೆ ಪಂಪುಗಳಿಗೆ ಹೋಗುವುದಿತ್ತು.

ಆ ಸೋಮವಾರ ನನಗೆ ಚೆನ್ನಾಗಿ ನೆನಪಿದೆ. ಪಂಪಿನ ಹೊಸ ಆವೃತ್ತಿ ಮೂರು ವಾರ ತಡ ಎಂಬ ಪತ್ರ ಬಂದಿತ್ತು. ನಾನು ಸಹಾಯವಾಣಿಗೆ ಫೋನ್ ಮಾಡಿ, ಮಕ್ಕಳ ವಿಷಯದಲ್ಲೂ ಇಷ್ಟು ಉದಾಸೀನವೇ, ನಿಮಗೆ ನಾಚಿಕೆಯಾಗಬೇಕು ಎಂದು ಬೈದಿದ್ದೆ. ಯಾರಿಗೆ ನಾಚಿಕೆಯಾಗಬೇಕೆಂದು ಬೈದಿದ್ದೆನೋ ಅವರು ನೆಲಮಹಡಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು.

"ಯಾರಿಗೂ ಹೇಳದೆ ಒಂದು ಸಾಲು ಸರಿಮಾಡಿಬಿಡಬಹುದಿತ್ತಲ್ಲ?" ಎಂದು ಕೇಳಿದೆ.

"ಮಾಡ್ಬಹುದಿತ್ತು. ಇವತ್ತೇ ಕೆಟ್ಟಿದ್ದು ಅನ್ನೋ ಹಾಗೆ ಇವತ್ತಿಂದ ಕೆಂಪು ಬರೋದು. ಯಾರೂ ದಾಖಲೆ ತೆಗ್ದು ನೋಡಲ್ಲ. ಅದೇ ವಾರ ನನ್ನ ಗುತ್ತಿಗೆ ಬೇರೆ ಮುಗೀತಿತ್ತು. ಸುಳ್ಳ್ಯಾಕೆ ಹೇಳ್ಲಿ, ಒಲೆ ಮುಂದೆ ನಿಂತ್ಕೊಂಡು ಹತ್ತು ನಿಮಿಷ ಅದನ್ನೇ ಯೋಚ್ನೆ ಮಾಡ್ದೆ. ಆದ್ರೆ ಅಷ್ಟು ದಿನದಲ್ಲಿ ಇನ್ನೇನೇನು ನುಸುಳಿದೆಯೋ, ಎಲ್ಲಾ ಮೊದಲಿಂದ ನೋಡ್ಬೇಕಲ್ಲ? ನಾನೊಬ್ಳೇ ಮುಚ್ಚಿಟ್ಕೊಂಡು ನೋಡೋಕಾಗುತ್ತಾ?"

ಆರು ಗಂಟೆಗೆ ಮ್ಯಾನೇಜರಿಗೆ ಫೋನ್ ಮಾಡಿದರು. ಆ ಮಾತುಕತೆಯನ್ನು ಅತ್ತೆ ಈಗ ಬಾಯಿಪಾಠ ಒಪ್ಪಿಸುತ್ತಾರೆ. "ಎಷ್ಟು ಹೊತ್ತಿಂದ ಓಡಿಲ್ಲ ಅಂದ್ರಂತೆ. ಇವಳು ನೂರ ನಲವತ್ತಮೂರು ಅಂದ್ಳು. ಗಂಟೇನಾ ಅಂದ್ರಂತೆ. ದಿನ ಸಾರ್, ಅಂದ್ಳು. ಕುಂಬಳಕಾಯಿ ಕಳ್ಳ ಅಂತ ಯಾರಾದ್ರೂ ಕೂಗಿದ್ಮೇಲೆ ಜನ ಹೆಗಲು ಮುಟ್ಕೋತಾರೆ. ನನ್ನ ಸೊಸೆ ಯಾರೂ ಕೂಗೋಕೆ ಮುಂಚೇನೇ ಹೆಗಲು ತೋರಿಸ್ಕೊಂಡು ಹೋದ್ಳು." ಬೈಗುಳದ ಧಾಟಿಯಲ್ಲೇ ಹೇಳಿದರು. ಆದರೆ ಹೇಳುತ್ತ ಸೊಸೆಯ ಮುಂದಿದ್ದ ಸೊಪ್ಪನ್ನು ತಮ್ಮ ಕಡೆಗೆಳೆದುಕೊಂಡು ಬಿಡಿಸತೊಡಗಿದರು.

ಮ್ಯಾನೇಜರನ್ನು ನಾನು ಆಮೇಲೆ ಭೇಟಿಯಾದೆ. "ವರದಿಯಲ್ಲಿ ಕಾರಣ ಏನಂತ ಹಾಕೋಣ ಅಂತ ಕೇಳ್ದೆ. ತಾಂತ್ರಿಕ ದೋಷ ಅಂತ ಹಾಕಿದ್ರೂ ನಡೀತಿತ್ತು," ಎಂದರು. "ಅವರು ತಮ್ಮ ಹೆಸರು ಹಾಕಿ ಅಂದ್ರು. ಹದಿನೆಂಟು ವರ್ಷದಲ್ಲಿ ಅವರ ಹೆಸರು ನಮ್ಮ ಯಾವುದೇ ವರದಿಯಲ್ಲಿ ಬಂದಿದ್ದು ಅದೇ ಮೊದಲು. ನಂಗೆ ತಲೆ ಎತ್ತೋಕಾಗ್ಲಿಲ್ಲ." ಗುತ್ತಿಗೆಯ ಬಗ್ಗೆ ಕೇಳಿದಾಗ, ಅದು ತಮ್ಮ ಕೈಲಿಲ್ಲ ಎಂದರು.

ಮೇಲಿನವರು ಈ ಸಲ ಸಹಿ ಮಾಡಿರುವುದು ಆರೇ ತಿಂಗಳಿಗೆ ಎಂದು ಸ್ಕ್ರಿಪ್ಟಕ್ಕ ಆ ದಿನ ನಮ್ಮೆದುರೇ ಹೇಳಿದ್ದರು.

ನೂರ ನಲವತ್ತಮೂರು ದಿನದ ಎಲ್ಲ ಬದಲಾವಣೆಗಳನ್ನೂ ಸ್ಕ್ರಿಪ್ಟಕ್ಕ ಹತ್ತೊಂಬತ್ತು ದಿನ ಕೂತು ಮತ್ತೆ ಓಡಿಸಿದರು. ಇನ್ನೆರಡು ಸಣ್ಣ ದೋಷ ಸಿಕ್ಕವು. ಈಗ ಅವರ ಚೀಟಿ ಗುಮಾಸ್ತನನ್ನು ಏನೂ ಕೇಳುವುದಿಲ್ಲ. ಪರೀಕ್ಷೆ ನಡೆಸುವವನು ತನ್ನ ಫಲಿತಾಂಶವನ್ನು ತಾನೇ ಬೇರೆ ಕಡತದಲ್ಲಿ ಬರೆದಿಡಬೇಕು, ಬರೆದಿಲ್ಲವೆಂದರೆ ಕೆಂಪು. ಏಳೂ ಯಂತ್ರಗಳಿಗೆ ಅರ್ಥವಾಗುವ ಮಾತಿನಲ್ಲೇ ಬರೆದಿದ್ದಾರೆ. ಜೊತೆಗೆ, ಐದು ನಿಮಿಷಕ್ಕಿಂತ ಮೊದಲು ಮುಗಿದರೂ ಕೆಂಪು.

"ಅದಕ್ಕೆ ಹಾಲಿನ ಸಾಲು ಅಂತ ಹೆಸರಿಟ್ಟಿದ್ದೀನಿ," ಎಂದು ನಕ್ಕರು. ಆಸೆ ಏನಾದರೂ ಇದೆಯೇ ಎಂದು ಕೇಳಿದ್ದಕ್ಕೆ ತುಸು ಹೊತ್ತು ಮಣಿಕಟ್ಟಿನ ಪಟ್ಟಿ ಸರಿಮಾಡಿಕೊಂಡರು. "ಹಸಿರು ಬಂದ ದಿನಾನೂ ಯಾರಾದ್ರೂ ಒಬ್ರು ಒಳಗಿನ ದಾಖಲೆ ತೆಗ್ದು ಓದ್ಬೇಕು. ಸದ್ಯಕ್ಕೆ ನಾನು ಓದ್ತೀನಿ. ದಿನಾ ಬೆಳಗ್ಗೆ, ಹಾಲಿಡೋಕೆ ಮುಂಚೆ."

ನನ್ನ ಮಗಳು ಇಷ್ಟು ಹೊತ್ತೂ ನೆಲದ ಮೇಲೆ ಕೂತು ಚಿತ್ರ ಬರೆಯುತ್ತಿದ್ದಳು. ಬರೆಯುತ್ತಿದ್ದಾಳೆಂದು ನಾನು ತಿಳಿದಿದ್ದೆ. ಹಾಳೆ ಖಾಲಿಯಿತ್ತು. ಎರಡು ಸಲ "ಆಂಟಿ" ಎಂದು ಬಾಯಿ ತೆರೆದಿದ್ದಳು, "ಏನು ಪುಟ್ಟಾ" ಎಂದರೆ "ಏನಿಲ್ಲ" ಎಂದು ಪೆನ್ಸಿಲ್ ಕಚ್ಚಿದ್ದಳು. ನಾನು ಅವಳನ್ನೆಬ್ಬಿಸಿ, ಕೈ ಹಿಡಿದು, ಬಾಗಿಲ ತನಕ ಬಂದೆ. ಹೊಸ್ತಿಲಲ್ಲಿ ಅವಳು ನಿಂತುಬಿಟ್ಟಳು. ಒಂದು ಕೈ ಸೊಂಟದ ಪಂಪಿನ ಮೇಲಿತ್ತು.

"ಆಂಟಿ, ಆ ಆರು ತಿಂಗಳು ಮುಗಿದ್ಮೇಲೆ ಯಾರು ಓದ್ತಾರೆ?"