ಜಗದಾಂಬಾ ಬಿಟ್ಟ ಖಾಲಿ ಜಾಗ

ವೆಂಕಟಗಿರಿಯ ಹೆಸರು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆದರೆ ಇದು ಅವನ ಕಥೆಯಲ್ಲ. ರಾಜಾಜಿನಗರದಲ್ಲಿ ಹಿಟ್ಟಿನ ಗಿರಣಿಯ ಪಕ್ಕದ ಮನೆಯ ಮುಂದಿನ ಕೋಣೆಯಲ್ಲಿ ಜಾಬ್ ಟೈಪಿಂಗ್ ಮಾಡುತ್ತಿದ್ದ ಜಗದಾಂಬಾ ಅವರ ಕಥೆ. ಅವನನ್ನು ಬಿಟ್ಟು ಹೇಳೋಣವೆಂದರೆ ಆಗುವುದಿಲ್ಲ. ನನ್ನನ್ನು ಬಿಟ್ಟು ಹೇಳುವುದಂತೂ ಆಗುವುದೇ ಇಲ್ಲ.

ಆಕೆ ಚಿತ್ರದುರ್ಗದ ಕಡೆಯವರು. ತಂದೆ ತೀರಿಕೊಂಡ ಮೇಲೆ ಅಕ್ಕ ನೀಲಮ್ಮನವರ ಮನೆಗೆ ಬಂದು ಸೇರಿದ್ದರು. ಮದುವೆಯಾಗಿರಲಿಲ್ಲ. ಹಣೆಯಲ್ಲಿ ವಿಭೂತಿ, ಕಿವಿಯ ಹಿಂದೆ ಸದಾ ಒಂದು ಕೆಂಪು ಪೆನ್ಸಿಲ್. ವಿಜಯನಗರದ ವಕೀಲರು, ಥೀಸಿಸ್ ಬರೆಯುವ ಹುಡುಗರು ಎರಡು ಬಸ್ಸು ಬದಲಿಸಿ ಅಲ್ಲಿಗೆ ಬರುತ್ತಿದ್ದರು. ಜಗದಾಂಬಾ ಟೈಪ್ ಮಾಡಿದರೆ ತಪ್ಪಿರುವುದಿಲ್ಲ ಎಂಬ ಮಾತು ಊರಲ್ಲಿತ್ತು. ಆಕೆಗಿದ್ದ ಆಸ್ತಿಯೆಂದರೆ ಆ ಮಾತೊಂದೇ.

ನಮ್ಮದೊಂದು ಬಳಗವಿತ್ತು. ಎಂಬತ್ನಾಲ್ಕರ ಮಾತು. ಹನ್ನೊಂದು ಜನ ಗಂಡಸರು, ಎಲ್ಲರೂ ಎ.ಪಿ.ಎಲ್. ಎಂಬ ಕಂಪ್ಯೂಟರ್ ಭಾಷೆಯ ಹುಚ್ಚರು. ಆ ಭಾಷೆಯಲ್ಲಿ ಪದಗಳಿಗಿಂತ ಗುರುತುಗಳೇ ಹೆಚ್ಚು: ವೃತ್ತ, ಬಾಣ, ತ್ರಿಕೋನ. ನೂರು ಸಂಖ್ಯೆಗಳ ಪಟ್ಟಿಯನ್ನು ಒಂದು ಗುರುತು ಒಂದೇ ಏಟಿಗೆ ಕೂಡಿಸುತ್ತದೆ, ಇನ್ನೊಂದು ತಿರುಗಿಸುತ್ತದೆ. ಲೆಕ್ಕ ನಡೆಯುವುದು ಬಲದಿಂದ ಎಡಕ್ಕೆ. ಹತ್ತರಲ್ಲಿ ಐದು ಕಳೆದು ಎರಡು ಕಳೆದರೆ ಲೋಕಕ್ಕೆಲ್ಲ ಮೂರು, ನಮಗೆ ಏಳು. ಬೇರೆಯವರು ಎರಡು ಪುಟ ಬರೆಯುವುದನ್ನು ನಾವು ಒಂದು ಸಾಲಿನಲ್ಲಿ ಮುಗಿಸುತ್ತೇವೆಂಬ ಸೊಕ್ಕು ಒಬ್ಬೊಬ್ಬರಿಗೂ ತಲೆಗೇರಿತ್ತು. ಸ್ವಂತ ಮೆಷಿನ್ ಮಾತ್ರ ಒಬ್ಬನಿಗೂ ಇರಲಿಲ್ಲ.

ಅಧ್ಯಕ್ಷ ವೆಂಕಟಗಿರಿ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಅಧಿಕಾರಿ. ನಾನು ಮೂಡಲಪಾಳ್ಯದಿಂದ ಸೈಕಲ್ ತುಳಿಯುವ ಗುಮಾಸ್ತ. ಶನಿವಾರ ಮಧ್ಯಾಹ್ನ ಎರಡು ಗಂಟೆ ಅವನ ವಿಭಾಗದ ಮೆಷಿನ್ ಮುಂದೆ ಕೂರಲು ನನ್ನನ್ನು ಬಿಡುತ್ತಿದ್ದ. ಆ ಎರಡು ಗಂಟೆಗಾಗಿ ನಾನು ಬಳಗದ ಕಾರ್ಯದರ್ಶಿಯಾದೆ, ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ.

ಬಳಗದ್ದೊಂದು ಪತ್ರಿಕೆ ಇತ್ತು. ಸೈಕ್ಲೋಸ್ಟೈಲ್ ಮಾಡಿಸಿ ಬಾಂಬೆ, ಕಲ್ಕತ್ತಾಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದೆವು. ಅದರ ಸ್ಟೆನ್ಸಿಲ್ ಕೆಲಸ, ಅಂದರೆ ಶಾಯಿ ಇಳಿದು ಪ್ರತಿ ಮೂಡುವಂತೆ ಮೇಣದ ಹಾಳೆಯ ಮೇಲೆ ಅಕ್ಷರ ಕೊರೆಯುವುದು, ಜಗದಾಂಬಾ ಅವರದು. ನಮ್ಮ ಗುರುತುಗಳು ಯಾವ ಟೈಪ್‌ರೈಟರಿನಲ್ಲೂ ಇರಲಿಲ್ಲ. ಆಕೆ ಮಾತುಗಳನ್ನು ಟೈಪ್ ಮಾಡಿ, ಗುರುತು ಬರುವಲ್ಲಿ ಜಾಗ ಬಿಟ್ಟು, ಆಮೇಲೆ ಆ ಮೇಣದ ಹಾಳೆಯನ್ನು ಗಾಜಿನ ಮೇಲೆ ಹರಡಿ ಉಕ್ಕಿನ ಮೊನೆಯಿಂದ ಒಂದೊಂದನ್ನೇ ಕೊರೆಯುತ್ತಿದ್ದರು. ಒತ್ತಿದರೆ ಹಾಳೆ ಹರಿಯುತ್ತದೆ, ಒತ್ತದಿದ್ದರೆ ಶಾಯಿ ಇಳಿಯುವುದಿಲ್ಲ.

ಒಮ್ಮೆ ಆಕೆ ಒಂದು ಗುರುತಿನ ಅರ್ಥ ಕೇಳಿದಾಗ ವೆಂಕಟಗಿರಿ ನಕ್ಕುಬಿಟ್ಟ. "ಅರ್ಥ ಕಟ್ಕೊಂಡು ನಿಮಗೇನಾಗ್ಬೇಕು ಮೇಡಂ? ಬರೆದಿದ್ದನ್ನ ಬರೀರಿ." ಆಕೆ ಮತ್ತೆ ಕೇಳಲಿಲ್ಲ. ಆದರೆ ಎರಡು ವರ್ಷ ಕೊರೆದ ಕಣ್ಣಿಗೆ ತಾನಾಗಿಯೇ ಕಾಣತೊಡಗಿತ್ತು. ನಡುವೆ ಗೆರೆಯಿರುವ ತ್ರಿಕೋನದ ಮೊನೆ ಮೇಲಿದ್ದರೆ ಕೆಳಗಿನ ಪಟ್ಟಿ ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತದೆ, ಮೊನೆ ಕೆಳಗಿದ್ದರೆ ದೊಡ್ಡದರಿಂದ ಚಿಕ್ಕದಕ್ಕೆ.

ಎಂಬತ್ತಾರರಲ್ಲಿ ವೆಂಕಟಗಿರಿ ತನ್ನ ಅಮೋಘ ಸಾಲೊಂದನ್ನು ಕೊಟ್ಟ. ನೌಕರರನ್ನು ಕೆಲಸಕ್ಕೆ ಸೇರಿದ ವರ್ಷದ ಪ್ರಕಾರ, ಹಿರಿಯರು ಮೊದಲು ಬರುವಂತೆ ಜೋಡಿಸುವ ಸಾಲು. ಬರೆದದ್ದನ್ನು ಮೆಷಿನ್ನಿನಲ್ಲಿ ಓಡಿಸಿ ನೋಡುವುದೆಂದರೆ ಅವನಿಗೆ ಅವಮಾನ. ಅವನ ಹಸಿರು ಶಾಯಿಯ ಹಾಳೆಯಲ್ಲಿ ತ್ರಿಕೋನದ ಮೊನೆ ಕೆಳಗಿತ್ತು. ಜಗದಾಂಬಾ ಅದರ ಪಕ್ಕ ಕೆಂಪು ಪೆನ್ಸಿಲಿನಲ್ಲಿ "ಮೊನೆ ಮೇಲೆ ಇರಬೇಕಲ್ಲವೆ?" ಎಂದು ಬರೆದು, ಹಾಳೆಯನ್ನು ನನಗೆ ವಾಪಸು ಕೊಟ್ಟರು.

ನಾನು ವೆಂಕಟಗಿರಿಯನ್ನು ಕೇಳಲಿಲ್ಲ. ಕೇಳಿದರೆ ಸಿಡುಕುತ್ತಾನೆಂಬ ಭಯ. ಕೆಂಪು ಅಕ್ಷರಗಳ ಕೆಳಗೆ "ಇದ್ದ ಹಾಗೇ ಬರೆಯಿರಿ" ಎಂದು ನನ್ನ ಕೈಯಾರೆ ಬರೆದುಕೊಟ್ಟೆ. ಆಕೆ ಇದ್ದ ಹಾಗೇ ಕೊರೆದರು. ಕೆಲಸ ಮುಗಿದ ಮೇಲೆ ಹಾಳೆ ಎಂದಿನಂತೆ ನನ್ನ ಫೈಲಿಗೆ ಬಂತು.

ಕಲ್ಕತ್ತಾದಿಂದ ಪತ್ರ ಬಂತು. ಸಾಲನ್ನು ಓಡಿಸಿ ನೋಡಿದ ಮಹಾನುಭಾವನೊಬ್ಬ, ನಿಮ್ಮ ಲೆಕ್ಕದಲ್ಲಿ ನಿನ್ನೆ ಸೇರಿದ ಜವಾನ ಎಲ್ಲರಿಗಿಂತ ಹಿರಿಯನಾಗಿದ್ದಾನೆ ಎಂದು ಬರೆದಿದ್ದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಸವೇಶ್ವರನಗರದ ತನ್ನ ಮನೆಯ ವರಾಂಡದಲ್ಲಿ ಭಾನುವಾರದ ಸಭೆ ಸೇರಿಸಿ ವೆಂಕಟಗಿರಿ ಹೇಳಿದ: "ಟೈಪಿಸ್ಟ್ ಉಲ್ಟಾ ಬರೆದಿದಾಳೆ. ಮುಂದಿನ ಸಂಚಿಕೇಲಿ ಹಾಕಿ, ಟೈಪಿಸ್ಟ್ ತಪ್ಪಿಗೆ ವಿಷಾದ ಅಂತ." ಫೈಲು ನನ್ನ ತೊಡೆಯ ಮೇಲಿತ್ತು. ಅದರ ಮೇಲೇ ಕಾಗದವಿಟ್ಟು ಅವನು ಹೇಳಿದ್ದನ್ನು ಬರೆದುಕೊಂಡೆ. ಆ ವಿಷಾದದ ಸ್ಟೆನ್ಸಿಲ್ಲನ್ನೂ ಆಕೆಯಿಂದಲೇ ಮಾಡಿಸಬೇಕಿತ್ತು. ಅದನ್ನು ಒಯ್ದು ಕೊಟ್ಟವನೂ ನಾನೇ.

ಮುಂದಿನ ಭಾನುವಾರ ಆಕೆ ಸ್ಟೆನ್ಸಿಲ್‌ಗಳನ್ನು ಹಿಡಿದು ಸಭೆಗೇ ಬಂದರು. ಯಾರೂ ಕುರ್ಚಿ ಕೊಡಲಿಲ್ಲ.

"ಗಂಗಾಧರಯ್ಯನವರೇ, ಆ ಹಸಿರು ಶಾಯಿ ಹಾಳೆ ನಿಮ್ಮ ಹತ್ರ ಇದೆಯಲ್ಲ? ತೋರ್ಸಿ."

ಉಳಿದ ಹತ್ತು ಜನವೂ ನನ್ನನ್ನೇ ನೋಡಿದರು. ನಾನು ನೋಡಿದ್ದು ವೆಂಕಟಗಿರಿಯನ್ನು.

"ಹುಡುಕ್ಬೇಕು ಮೇಡಂ," ಅಂದೆ.

ಆಕೆ ನನ್ನ ತೊಡೆಯ ಮೇಲಿನ ಫೈಲನ್ನು ಒಮ್ಮೆ ನೋಡಿದರು. ಸ್ಟೆನ್ಸಿಲ್‌ಗಳನ್ನು ಮೇಜಿನ ಮೇಲಿಟ್ಟರು. "ನೀವು ಕೊಟ್ಟ ಮಾತೆಲ್ಲ ಟೈಪ್ ಮಾಡಿದೀನಿ, ನನ್ನ ತಪ್ಪು ಅನ್ನೋದನ್ನೂ ಸೇರಿಸಿ. ಗುರುತು ಇರೋ ಕಡೆ ಜಾಗ ಬಿಟ್ಟಿದೀನಿ. ಅರ್ಥ ಗೊತ್ತಿರೋರು ನೀವು, ನೀವೇ ಬರ್ಕೊಳ್ಳಿ." ಉಕ್ಕಿನ ಮೊನೆಯನ್ನೂ ಅಲ್ಲೇ ಇಟ್ಟು ಹೊರಟುಹೋದರು.

ಇಪ್ಪತ್ತು ಪುಟ, ಪುಟದ ತುಂಬ ಖಾಲಿ ಜಾಗ. ಮೊದಲು ವೆಂಕಟಗಿರಿ ಕೂತ. ಮೊದಲ ವೃತ್ತ ಸುತ್ತುವಷ್ಟರಲ್ಲಿ ಅದರೊಳಗಿನ ತುಂಡು ಕಳಚಿ ಮೇಣದ ಹಾಳೆಗೆ ತೂತು ಬಿತ್ತು. ಆಮೇಲೆ ಒಬ್ಬೊಬ್ಬರೇ ಕೂತರು. ಊಟದ ಹೊತ್ತಿಗೆ ಏಳು ಸ್ಟೆನ್ಸಿಲ್ ಹರಿದು ಚಿಂದಿಯಾಗಿದ್ದವು, ಒಬ್ಬರನ್ನೊಬ್ಬರು ಬೈದುಕೊಂಡೆವು. ಆ ಸಂಚಿಕೆ ಹೊರಬರಲಿಲ್ಲ. ಆಮೇಲೆ ಯಾವುದೂ ಬರಲಿಲ್ಲ. ನಾಶವಾಗಿ ಹೋಗಲಿ, ಒಳ್ಳೆಯದೇ ಆಯಿತು.

ಆದರೆ ವೆಂಕಟಗಿರಿಯ ಬಾಯಿ ಮುಚ್ಚಲಿಲ್ಲ. ಅವಳದು ತಪ್ಪು ಕೈ ಎಂದು ಸಿಕ್ಕವರಿಗೆಲ್ಲ ಹೇಳಿದ. ಥೀಸಿಸ್ ಹುಡುಗರು ಬೇರೆ ಕಡೆ ಹೋದರು.

ಎಂಬತ್ತೊಂಬತ್ತರಲ್ಲಿ ಅವನಿಗೆ ವರ್ಗವಾಯಿತೆಂದು ಸುದ್ದಿ ಬಂತು, ತಿಂಗಳೊಳಗೆ ಊರು ಬಿಡುತ್ತಾನಂತೆ. ಆಗ ನನಗೆ ಧೈರ್ಯ ಬಂತು. ಹಾಳೆ ಹಿಡಿದು ಗಿರಣಿಯ ಪಕ್ಕದ ಮನೆಗೆ ಹೋದೆ. ಬಾಗಿಲು ತೆರೆದ ನೀಲಮ್ಮನವರು ಕೂತ್ಕೊಳ್ಳಿ ಅನ್ನಲಿಲ್ಲ. ಜಗದಾಂಬಾ ಮದುವೆ ಕರೆಯೋಲೆಯ ವಿಳಾಸಗಳನ್ನು ಟೈಪ್ ಮಾಡುತ್ತಿದ್ದರು. ಹಾಳೆ ತೆಗೆದುಕೊಂಡು ತಮ್ಮ ಕೆಂಪು ಪ್ರಶ್ನೆಯನ್ನೂ ಅದರ ಕೆಳಗಿನ ನನ್ನ ಅಕ್ಷರವನ್ನೂ ಓದಿದರು.

"ನನ್ನದು ತಪ್ಪಾಯ್ತು," ಅಂದೆ.

"ಇದನ್ನ ನನಗ್ಯಾಕೆ ತಂದ್ರಿ? ನನಗೆ ಗೊತ್ತಿರೋದೇ ಅಲ್ವಾ. ಗೊತ್ತಿಲ್ಲದವರು ಹತ್ತು ಮನೇಲಿದಾರೆ. ಅಲ್ಲಿಗೆ ತಗೊಂಡು ಹೋಗಿ."

ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟು, ಮುಂದಿನ ವಿಳಾಸಕ್ಕೆ ಕೈ ಹಾಕಿದರು.

ನಾನು ಒಂದು ಮನೆಗೂ ಹೋಗಲಿಲ್ಲ. ಹಾಳೆ ಇನ್ನೂ ನನ್ನ ಫೈಲಿನಲ್ಲೇ ಇದೆ.