ಸೋಲಾರ್ ಪ್ಲೇಟಿಗೆ ವಿಭೂತಿ

ದಸರೆಯ ಮರುದಿನ ಮುಂಜಾನೆ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದೆ. ಪಕ್ಕದ ಮನೆಯಾಕೆ ಓಡುತ್ತ ಬಂದಳು.

“ವೈನಿ, ನಳದಾಗ ನೀರೇ ಬರವಲ್ದು! ಪಂಪ್ ಬರೇ ಗುರ್ ಅಂತದ. ಪಂಪ್ ನೋಡಾಕ ಬರೋ ಪರದೇಶದ ಮಂದಿ ಆಗಲೇ ಜಹೀರಾಬಾದ್ ಬಿಟ್ಟಾರಂತ.”

ಮೊರ ಬದಿಗಿಟ್ಟು ಎದ್ದೆ. ನ್ಯಾಲ್ಕಲ್ ಕಡೆಯ ನಮ್ಮ ಊರಿನಲ್ಲಿ ಬಿಸಿಲಿನಿಂದ ನೀರೆತ್ತುವ ಈ ಪಂಪಿಗೆ ರೊಕ್ಕ ಕೊಟ್ಟದ್ದು ಹೊರದೇಶದ ಒಂದು ಬ್ಯಾಂಕು. ಅವರು ಬಂದು ನೋಡಿ ಒಪ್ಪಿದರೆ ಮಾತ್ರ ಪಕ್ಕದ ಊರಿಗೂ ಒಂದು ಪಂಪು. ನನ್ನ ಮಗಳನ್ನು ಕೊಟ್ಟದ್ದು ಆ ಊರಿಗೇ. ತುಂಬು ಬಸುರಿ, ಹೊಲದ ಬಾವಿಯಿಂದ ಕೊಡ ಹೊರುತ್ತಿದ್ದಳು.

ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡು ಹೊರಟೆ. ಪಂಪಿನ ಹತ್ತಿರ ಅದನ್ನು ಕೂರಿಸಿದ ಇಂಜಿನಿಯರ್ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ನೇಗಿಲು, ಕುಡಗೋಲು, ಟ್ರ್ಯಾಕ್ಟರಿಗೆಲ್ಲ ವಿಭೂತಿ ಹಚ್ಚುವುದು ನಮ್ಮ ಪದ್ಧತಿ. ನೀರು ಕೊಡುವ ಪಂಪನ್ನು ಬಿಡಲಾದೀತೇ? ಹೆಂಗಸರೆಲ್ಲ ಸೇರಿ ಒಂದೂ ಸೋಲಾರ್ ಪ್ಲೇಟು ಬಿಡದೆ, ಈ ತುದಿಯಿಂದ ಆ ತುದಿಗೆ ದಪ್ಪಗೆ ಮೂರು ಪಟ್ಟೆ ಬಳಿದಿದ್ದೆವು. ಹಬ್ಬದ ಎರಡು ದಿನ ಟಾಕಿಯಲ್ಲಿ ತುಂಬಿದ್ದ ನೀರೇ ಸಾಕಾಗಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

“ಏನ್ರಿ ಅಮ್ಮಾ ಇದು? ಬಿಸಿಲು ಒಳಗ ಹೋಗಾಕ ಜಾಗ ಬ್ಯಾಡೇನ್ರಿ?” ಎಂದರು ಇಂಜಿನಿಯರ್.

ಪಕ್ಕದ ಮನೆಯಾಕೆ ಸುಮ್ಮನಿರುವವಳಲ್ಲ. “ನಿಮ್ಮ ಮೋಟರ್‌ಸೈಕಲ್ಲಿಗೂ ಈಬತ್ತಿ ಹಚ್ಚೀರಲ್ರಿ ಸಾಹೇಬ್ರ, ಅದು ಓಡಲಿಲ್ಲೇನು?”

“ಅದು ಪೆಟ್ರೋಲ್ ಕುಡಿತದವ್ವಾ, ಬಿಸಿಲಲ್ಲ!”

ಹಸಿ ಅರಿವೆ ಹಿಡಿದು ತಿಕ್ಕತೊಡಗುವಷ್ಟರಲ್ಲಿ ಬ್ಯಾಂಕಿನವರ ಜೀಪು ಬಂತು. ಇಳಿದಾಕೆ ಎತ್ತರದ ಹೆಂಗಸು, ಬಿಸಿಲಿಗೆ ಮುಖ ಕೆಂಪಾಗಿತ್ತು. ನಮ್ಮ ಮೂರು ಪಟ್ಟೆಗಳನ್ನು ಬಹಳ ಹೊತ್ತು ನೋಡಿದಳು. ಇವುಗಳ ಧೂಳು ಯಾರು ಒರೆಸುತ್ತಾರೆಂದು ಇಂಜಿನಿಯರ್ ಕಡೆಯಿಂದ ಕೇಳಿಸಿದಳು.

“ದಿನಾ ನಾವೇ ಒರಸ್ತೀವ್ರಿ, ಪಾಳಿ ಹಚ್ಚಿಕೊಂಡು,” ಎಂದೆ. “ಹಬ್ಬಕ್ಕ ಅಷ್ಟೇ ಹಿಂಗಾತು.”

ಆಕೆ ನಕ್ಕು ನನ್ನ ಕೈಯ ಅರಿವೆ ತೆಗೆದುಕೊಂಡು ತಾನೂ ತಿಕ್ಕಿದಳು. ಕೊಳವೆ ಎರಡು ಸಲ ಕೆಮ್ಮಿತು. ಆಮೇಲೆ ನೀರು ಧೋ ಎಂದು ಸುರಿಯಿತು. ಆಕೆ ಏನೋ ಹೇಳಿದಳು. ಇಂಜಿನಿಯರ್ ಮುಖ ಅರಳಿತು.

“ಬ್ಯಾರೆ ಕಡೆ ಪ್ಲೇಟಿನ ಮ್ಯಾಲ ಧೂಳು ಕುಂತು ಪಂಪೇ ನಿಂತಾವಂತ. ಇಷ್ಟು ಜ್ವಾಕಿ ಮಾಡೋ ಮಂದೀನ ಇಲ್ಲೇ ನೋಡಿದ್ರಂತ. ಪಕ್ಕದ ಊರಿನ ಪಂಪೂ ಮಂಜೂರ್ ಆತ್ರಿ!”

“ನಮ್ಮನ್ನ ಕಂಡಿಲ್ಲ, ಕೇಳಿಲ್ಲ. ಇವರು ಯಾಕ ಕೊಡ್ತಾರ್ರಿ?” ಎಂದು ಕೇಳಿದೆ.

“ಅವರ ಕಾರ್ಖಾನಿ ಹೊಗಿಗೆ ಎಲ್ಲಾರ ಮಳಿ ಕೆಟ್ಟದಲ್ಲ. ಅದಕ್ಕ ತಾವೂ ಹೆಗಲು ಕೊಡಬೇಕು ಅಂತಾರ.”

ಎಲ್ಲಿಯ ಹೊಗೆ, ಎಲ್ಲಿಯ ಮಳೆ! ನನ್ನ ಮಗಳ ತಲೆಯ ಕೊಡ ಇಳಿಸಲು ಶಿವ ಅಷ್ಟು ದೂರದಿಂದ ಒಬ್ಬಾಕೆಯನ್ನು ಕಳಿಸಿದ್ದ. ಮೇಲೇರುತ್ತಿದ್ದ ಸೂರ್ಯನನ್ನು ನೋಡಲಾಗದೆ ಕಣ್ಣು ಮುಚ್ಚಿ ಕೈ ಮುಗಿದೆ. ಬೇಸಿಗೆಯಲ್ಲಿ ಅವನನ್ನು ಎಷ್ಟು ಬೈದಿಲ್ಲ ನಾವು! ಅವನೇ ಈಗ ನೆಲದೊಳಗಿನ ನೀರು ಎತ್ತಿ ಕೊಡುತ್ತಿದ್ದ.

ಮಗಳಿಗೆ ಫೋನ್ ಮಾಡಿದೆ. “ಖರೇನ ಯವ್ವಾ?” ಎಂದವಳೇ ಸುದ್ದಿ ಹೇಳಲು ಅತ್ತೆಯನ್ನು ಕೂಗಿದಳು.

ಮನೆಗೆ ಬಂದು ನಳದ ನೀರು ಹಿಡಿದು, ಒಲೆ ಹೊತ್ತಿಸಿ ಎಸರಿಟ್ಟೆ. ರೊಟ್ಟಿಗೆ ಜೋಳದ ಹಿಟ್ಟು ನಾದಬೇಕಿತ್ತು.