ಸಂಪಿನ ಬಾಯಲ್ಲಿ ನಿಂತು

ಬೆಂಗಳೂರಿನವರು ನೀರನ್ನು ನೆಲದಡಿ ಹೂತಿಡುತ್ತಾರೆ. ತೊಂಬತ್ತರ ದಶಕದಲ್ಲಿ ಸಿಂಧನೂರು ಕಡೆಯಿಂದ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸಕ್ಕೆ ಬಂದ ನನಗೆ ಮೊದಲು ದಿಗಿಲು ಹುಟ್ಟಿಸಿದ್ದು ಅದೇ. ಅಂಗಳದಡಿಯ ಆ ಕಾಂಕ್ರೀಟ್ ತೊಟ್ಟಿಗೆ ಇಲ್ಲಿ ಸಂಪು ಎನ್ನುತ್ತಾರೆ. ಒಬ್ಬ ಮನುಷ್ಯ ಭುಜ ಕುಗ್ಗಿಸಿಕೊಂಡು ಇಳಿಯುವಷ್ಟೇ ಅದರ ಬಾಯಿ. ನಮ್ಮೂರ ಬಾವಿಯಲ್ಲಿ ಇಣುಕಿದರೆ ಆಕಾಶವಾದರೂ ಕಾಣುತ್ತದೆ.

ಬದುಕೂ ಅಷ್ಟೇ ಇಕ್ಕಟ್ಟು. ಓಕಳಿಪುರದ ಬಾಡಿಗೆ ಕೋಣೆಯಲ್ಲಿ ನಾನೂ ಅಕ್ಕನ ಗಂಡ ಯಂಕಪ್ಪ ಭಾವನೂ ಕಾಲು ಮಡಚಿಯೇ ಮಲಗಬೇಕಿತ್ತು. ಹೋಟೆಲಿನಲ್ಲಿ ರೊಟ್ಟಿ ಕೇಳಿದರೆ ಅಕ್ಕಿಯದು ಕೊಡುತ್ತಿದ್ದರು. ಜೋಳದ್ದು ಬೇಕೆಂದರೆ ನಮ್ಮ ಮಾತಿಗೇ ನಗುತ್ತಿದ್ದರು. ಸಿಟ್ಟು ನೆತ್ತಿಗೇರುತ್ತಿತ್ತು. ಓಡಿಹೋಗೋಣವೆಂದರೆ ಊರಲ್ಲಿ ಕೆಲಸವಿರಲಿಲ್ಲ.

ಚಾಮರಾಜಪೇಟೆಯಲ್ಲಿ ಹೊಸ ಮನೆಯೊಂದರ ಸಂಪಿಗೆ ಕಾಂಕ್ರೀಟ್ ಹಾಕಿ, ಬಾಯಿ ಮುಚ್ಚಿ ವಾರಗಳಾಗಿದ್ದವು. ಒಳಗಿನ ಹಲಗೆಗಳನ್ನು ಬಿಚ್ಚುವುದು ನಮ್ಮ ಪಾಲಿಗೆ ಬಂತು. ಒದ್ದೆ ಹಲಗೆ ಕೊಳೆತು ಒಳಗಿನ ಗಾಳಿ ಕೆಡುತ್ತದೆ ಎಂದು ಮೇಸ್ತ್ರಿ ಎಚ್ಚರಿಸಿದ್ದ.

“ಫ್ಯಾನ್ ಹಾಕಿ ಚೆನ್ನಾಗಿ ಗಾಳಿ ಬಿಟ್ಟ ಮೇಲೇನೇ ಇಳೀಬೇಕು. ಹಗ್ಗ ಕಟ್ಕೊಳ್ಳಿ. ಮೇಲಿರೋನು ಏನೇ ಆದ್ರೂ ಇಳೀಬಾರ್ದು, ಎಳೀಬೇಕು ಅಷ್ಟೆ,” ಎಂದು ಹೇಳಿ ಅವನು ಸಿಮೆಂಟ್ ತರಲು ಹೋದ.

ಅಷ್ಟರಲ್ಲಿ ಕರೆಂಟ್ ಹೋಯಿತು. ಕಾಯುವ ತಾಳ್ಮೆ ಭಾವನಿಗೆಲ್ಲಿ? ಕೆಲಸ ಮುಗಿಸಿ ಅಂದೇ ಊರ ಬಸ್ಸು ಹಿಡಿಯುವ ಆತುರ.

“ಹಗ್ಗ ಕಟ್ಟಾಕ ನಾನೇನ್ ಎತ್ತೇನಲೇ?” ಎಂದು ನಕ್ಕರೂ ಕಂಕುಳಡಿ ಕಟ್ಟಿಸಿಕೊಂಡು ಇಳಿದ. ಸುತ್ತಿಗೆಯ ಸದ್ದು ಸ್ವಲ್ಪ ಹೊತ್ತು ಕೇಳಿ ನಿಂತುಹೋಯಿತು.

“ಭಾವಾ!”

ಹಗ್ಗ ಜಗ್ಗಿ ನೋಡಿದೆ, ಬರೀ ಭಾರ.

ನಮ್ಮೂರಲ್ಲಿ ಯಾರಾದರೂ ಬಾವಿಗೆ ಬಿದ್ದರೆ ಈಜು ಬಲ್ಲವರೆಲ್ಲ ಹಿಂದೆಯೇ ಹಾರುತ್ತಾರೆ. ದಡದಲ್ಲಿ ನಿಂತವನನ್ನು ಊರು ಗಂಡಸೆನ್ನುವುದಿಲ್ಲ. ನನ್ನ ಒಂದು ಕಾಲು ಆಗಲೇ ಸಂಪಿನೊಳಗಿತ್ತು. ಮೇಸ್ತ್ರಿಯ ಮಾತು ನೆನಪಾಗಿ ಹಿಂದಕ್ಕೆ ತೆಗೆದುಕೊಂಡೆ. ಮನೆಯೊಳಗೆ ಕೆಲಸದಲ್ಲಿದ್ದ ಗಾರೆಯವರನ್ನು ಕೂಗಿದೆ, ಎಲ್ಲರೂ ಸೇರಿ ಎಳೆದೆವು. ಭಾವನ ಭುಜ ಸಂಪಿನ ಬಾಯಿಗೆ ಸಿಕ್ಕಿಕೊಂಡಿತು. ಚರ್ಮ ಕಿತ್ತುಬಂದರೂ ಬಿಡಲಿಲ್ಲ. ಹೊರಗೆ ಮಲಗಿಸಿದ ಮೇಲೆ ಒಮ್ಮೆ ಕೆಮ್ಮಿದ. ನಾನು ಗೊಳೋ ಎಂದು ಅತ್ತುಬಿಟ್ಟೆ.

“ನೀನೂ ಇಳಿದಿದ್ರೆ ಎರಡು ಹೆಣ ಎತ್ಬೇಕಾಗ್ತಿತ್ತು ಗುರು,” ಎಂದು ಆಸ್ಪತ್ರೆಯಲ್ಲಿ ಮೇಸ್ತ್ರಿ ಬೆನ್ನು ತಟ್ಟಿದ. ಬೆಂಗಳೂರು ನನ್ನನ್ನು ತನ್ನವನೆಂದುಕೊಂಡಿದ್ದು ಅಂದೇ ಮೊದಲು.

ಭಾವ ಚೇತರಿಸಿಕೊಂಡ ಮೇಲೆ ಊರಿಗೆ ಕರೆದೊಯ್ದೆ. ಅಕ್ಕ ನಡೆದದ್ದನ್ನೆಲ್ಲ ಕೇಳಿಸಿಕೊಂಡಳು. ಗಂಡನ ಗಾಯ ಸವರಿ, ನನ್ನ ಮುಖ ನೋಡದೆ ಕೇಳಿದಳು: “ಅವ್ರು ಒಳಗ ಬಿದ್ದಾಗ ನೀ ಮ್ಯಾಲೇ ನಿಂತಿದ್ದೇನು?”

“ಹೌದಕ್ಕ,” ಎಂದೆ. ಅದಕ್ಕಿಂತ ಹೆಚ್ಚಿನದನ್ನು ಊರ ಮಾತಿನಲ್ಲಿ ಹೇಳಲು ನನಗೆ ಬರಲಿಲ್ಲ.